ಹಿಂದಿನ ಸೀಟಿನವರನ್ನು ಕೇಳಿ ಹಳೇ ಕಾರು ತಗೊಳ್ಳಿ

ನಮ್ಮ ಕಡೆ ಯಾರಾದ್ರೂ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋಕೆ ಹೊರಟ್ರೆ ಮೂರು ಪ್ರಶ್ನೆ ಕಾಯ್ತಾ ಇರ್ತವೆ. "ಆವರೇಜ್ ಎಷ್ಟ ಕೊಡ್ತದ?" "ಸಿಂಗಲ್ ಓನರ್ ಅದನೋ ಇಲ್ಲೋ?" "ನಾಳೆ ಮಾರಿದ್ರ ಎಷ್ಟ ಬರ್ತದ?" ಲಚ್ಯಾಣದ ಚಹಾದಂಗಡಿಯಲ್ಲಿ ಕೇಳಿದ್ರೂ ಇವೇ ಮೂರು, ಇಂಡಿ ಬಸ್ ಸ್ಟ್ಯಾಂಡಿನ ಎದುರು ಕೇಳಿದ್ರೂ ಇವೇ ಮೂರು. ಪ್ರಶ್ನೆಗಳೇನೂ ಕೆಟ್ಟವಲ್ಲ. ಆದ್ರೆ ಇವಕ್ಕಿಂತ ಮುಖ್ಯವಾದ ನಾಲ್ಕನೇ ಪ್ರಶ್ನೆಯೊಂದಿದೆ. ಅದನ್ನ ಯಾರೂ ಕೇಳಲ್ಲ. ಹಿಂದೆ ಕೂತವರಿಗೆ ಹೇಗಾಗುತ್ತೆ?

ಯಾಕೆ ಕೇಳಲ್ಲ ಅಂತ ಯೋಚನೆ ಮಾಡಿದ್ರೆ ಉತ್ತರ ಸುಲಭ. ನಮ್ಮ ಮನೆಗಳಲ್ಲಿ ಕಾರು ಆರಿಸೋರು ಮುಂದಿನ ಸೀಟಿನವರು. ಸ್ಟೀರಿಂಗ್ ಹಿಡಿಯೋ ಮಗ, ಪಕ್ಕದಲ್ಲಿ ಅಪ್ಪ, ಇಲ್ಲಾ ಕಾಕಾ. ಹಿಂದೆ ಕೂರೋರು ಅವ್ವ, ಅಜ್ಜಿ, ಹೆಂಡತಿ, ಅವರ ತೊಡೆ ಮೇಲೆ ಮಗು, ಕಾಲಿನ ಹತ್ತಿರ ಜೋಳದ ರೊಟ್ಟಿಯ ಗಂಟು. ಕಾರು ನೋಡೋಕೆ ಹೋಗುವಾಗ ಇವರನ್ನ ಯಾರೂ ಕರ್ಕೊಂಡು ಹೋಗಲ್ಲ. ಗಾಡಿ ಮನೆಗೆ ಬಂದ ಮೇಲೆ ಪೂಜೆ ಮಾಡೋಕೆ ಮಾತ್ರ ಕರೀತಾರೆ.

ನನ್ನ ವಾದ ಇಷ್ಟೇ: ಹಳೇ ಕಾರನ್ನ ಹಿಂದಿನ ಸೀಟಿನಲ್ಲಿ ಕೂತು ಆರಿಸಬೇಕು. ಅದೂ ನಾವು ದಿನಾ ಓಡಾಡೋ ರಸ್ತೆಯಲ್ಲಿ, ದಿನಾ ಕೂರೋ ಜನರನ್ನ ಕೂರಿಸಿಕೊಂಡು. ಉಳಿದ ಲೆಕ್ಕ ಎಲ್ಲಾ ಆಮೇಲೆ.

ಇದು ಷೋಕಿಯ ಮಾತಲ್ಲ. ನಮ್ಮವ್ವನ ವಿಷಯ ಹೇಳ್ತೀನಿ. ಆಕೆಗೆ ಈಗ ಅರವತ್ತೆಂಟು. ನಡ ಬ್ಯಾನಿ ಶುರುವಾಗಿ ನಾಲ್ಕು ವರ್ಷ ಆಯ್ತು. ಎರಡು ತಿಂಗಳಿಗೊಮ್ಮೆ ಸೊಲ್ಲಾಪುರದಲ್ಲಿ ಡಾಕ್ಟರಿಗೆ ತೋರಿಸಬೇಕು. ಇಂಡಿ ಭಾಗದವರಿಗೆ ದೊಡ್ಡ ದವಾಖಾನೆ ಅಂದ್ರೆ ಒಂದೋ ವಿಜಯಪುರ, ಇಲ್ಲಾ ಸೊಲ್ಲಾಪುರ. ಬಾಡಿಗೆ ಗಾಡಿಯಲ್ಲಿ ಹೋಗಿ ಬಂದ್ರೆ ಎರಡು ದಿನ ಹಾಸಿಗೆ ಬಿಟ್ಟು ಏಳ್ತಿರಲಿಲ್ಲ. ಒಂದಿನ ಕಡ್ಡಿ ಮುರಿದಂಗೆ ಹೇಳಿಬಿಟ್ಟಳು: "ಔಷಧಕ್ಕ ಹೋಗಿ ಬ್ಯಾನಿ ತರೂದ್ಯಾಕೋ ತಮ್ಮಾ? ನಾ ಒಲ್ಲೆ. ಗುಳಿಗಿ ಅಷ್ಟ ತಂದಕೊಡು."

ಅಲ್ಲಿಂದ ಮುಂದೆ ಎರಡು ಸಲ ತಪಾಸಣೆ ತಪ್ಪಿತು. ಅಂದ್ರೆ ನೋಡಿ, ನಾವು 'ಕಂಫರ್ಟ್' ಅಂತ ಕರೆದು ಪಕ್ಕಕ್ಕಿಡೋ ಸಂಗತಿ ಆಕೆಗೆ ಡಾಕ್ಟರ ಬಾಗಿಲು ತಲುಪೋದೋ ಬಿಡೋದೋ ಅನ್ನೋ ಪ್ರಶ್ನೆ ಆಗಿತ್ತು.

ರೈಲಿನಲ್ಲಿ ಹೋಗಬಾರದಿತ್ತಾ ಅಂತ ಕೆಲವರು ಕೇಳ್ತೀರಿ. ನಮ್ಮೂರಿಗೆ ರೈಲು ನಿಲ್ದಾಣ ಇದೆ, ಗದಗ–ಹೊಟಗಿ ಮಾರ್ಗದಲ್ಲಿ. ಕುಲುಕಾಟದ ಲೆಕ್ಕದಲ್ಲಿ ರೈಲಿಗೆ ಸಮ ಯಾವ ಕಾರೂ ಇಲ್ಲ ಅಂತ ನಾನೇ ಒಪ್ಪಿಕೊಳ್ತೀನಿ. ಆದ್ರೆ ರೈಲಿನ ಟೈಮು ಬೇರೆ, ಡಾಕ್ಟರ ಟೈಮು ಬೇರೆ. ನಡ ಹಿಡಿದವರಿಗೆ ಬೋಗಿಯ ಮೆಟ್ಟಿಲು ಹತ್ತೋದು ಇಳಿಯೋದೇ ಒಂದು ಸಾಹಸ. ಸೊಲ್ಲಾಪುರದಲ್ಲಿ ಇಳಿದ ಮೇಲೆ ಮತ್ತೆ ಆಟೋ ಹತ್ತಬೇಕು. ಆಟೋದ ವಿಷಯ ಮಾತಾಡೋದೇ ಬೇಡ :-)

ಇನ್ನು ನಮ್ಮ ರಸ್ತೆಗಳ ಮಾತು. ನಮ್ಮದು ಎರೆ ಭೂಮಿ. ಈ ಕರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುತ್ತೆ. ಅದರ ಮೇಲೆ ಹಾಕಿದ ಡಾಂಬರು ರಸ್ತೆಯೂ ಅದರ ಜೊತೆಗೇ ಏಳುತ್ತೆ, ಬೀಳುತ್ತೆ. ಹಾಗಾಗಿ ನಮ್ಮಲ್ಲಿ ತಗ್ಗು ಇಲ್ಲದ ರಸ್ತೆಯೂ ಸಪಾಟಾಗಿರೋದಿಲ್ಲ, ಅಲೆಅಲೆಯಾಗಿರುತ್ತೆ. ಅದರ ಮೇಲೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಟ್ರ್ಯಾಕ್ಟರುಗಳು ಓಡಾಡ್ತವೆ. ಊರಿಗೊಂದು ಹಂಪ್ಸು ಬೇರೆ, ಕೆಲವಕ್ಕೆ ಬಿಳಿ ಬಣ್ಣವೂ ಇರಲ್ಲ. ಝಳಕಿ ಹತ್ತಿರ ಸೊಲ್ಲಾಪುರ–ವಿಜಯಪುರ ಹೆದ್ದಾರಿ ಸಿಕ್ಕಿತು ಅಂದ್ರೆ ಯಾವ ಕಾರಾದ್ರೂ ಚೆಂದವೇ. ಕಾರಿನ ನಿಜವಾದ ಪರೀಕ್ಷೆ ನಡೆಯೋದು ಅದಕ್ಕಿಂತ ಮುಂಚಿನ ದಾರಿಯಲ್ಲಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಗ್ಗೆ ಹೇಳಲೇಬೇಕು. ಮೆತ್ತಗಿದ್ರೆ ಆರಾಮ ಅಂತ ಎಲ್ಲರೂ ಅಂದುಕೊಳ್ತಾರೆ. ಹಾಗಲ್ಲ. ಒಳ್ಳೆ ಕಾರಿನ ಸ್ಪ್ರಿಂಗು ನಿಮಿಷಕ್ಕೆ ಸುಮಾರು 60ರಿಂದ 90 ಸಲ ಏಳಿಬೀಳೋ ಲಯದಲ್ಲಿರುತ್ತೆ. ಇದು ಹೆಚ್ಚು ಕಡಿಮೆ ನಾವು ಆರಾಮವಾಗಿ ನಡೆಯೋ ಲಯ, ಮೈಗೆ ಹೊಂದಿಕೊಳ್ಳುತ್ತೆ. ಇದಕ್ಕಿಂತ ತೀರಾ ನಿಧಾನವಾಗಿ, ಎರಡು ಮೂರು ಸೆಕೆಂಡಿಗೊಮ್ಮೆ ತೂಗಿದ್ರೆ ಓಕರಿಕೆ ಬರುತ್ತೆ. ಸೆಕೆಂಡಿಗೆ 4ರಿಂದ 8 ಸಲ ಅದುರಿದ್ರೆ ಕೂತವರ ಬೆನ್ನು, ಹೊಟ್ಟೆ ಎರಡಕ್ಕೂ ತ್ರಾಸು. ಸ್ಪ್ರಿಂಗಿನ ಕೆಲಸ ಏಟು ತಡೆಯೋದು. ಒಮ್ಮೆ ಎದ್ದ ಗಾಡಿಯನ್ನ ಹಿಡಿದು ನಿಲ್ಲಿಸೋ ಕೆಲಸ ಶಾಕ್ ಅಬ್ಸಾರ್ಬರಿನದು. ಹಳೇ ಕಾರಿನಲ್ಲಿ ಸ್ಪ್ರಿಂಗು ಸರಿಯಿದ್ದು ಶಾಕ್ ಸತ್ತಿದ್ರೆ ಮೊದಲ ಹತ್ತು ನಿಮಿಷ "ಆಹಾ, ಎಷ್ಟು ಮೆತ್ತಗಿದೆ" ಅನ್ನಿಸುತ್ತೆ. ನಮ್ಮ ಅಲೆ ರಸ್ತೆಯಲ್ಲಿ ಅರ್ಧ ಗಂಟೆ ಹೋದ ಮೇಲೆ ಹಿಂದಿನಿಂದ "ಸ್ವಲ್ಪ ಗಾಡಿ ನಿಲ್ಲಸಪಾ" ಅನ್ನೋ ದನಿ ಕೇಳುತ್ತೆ.

ಹಿಂದಿನ ಸೀಟಿಗೆ ಇನ್ನೊಂದು ಶಾಪ ಇದೆ. ಮುಂದಿನವರು ಎರಡು ಗಾಲಿಗಳ ನಡುವೆ ಕೂತಿರ್ತಾರೆ, ಹಿಂದಿನವರು ಹೆಚ್ಚು ಕಡಿಮೆ ಹಿಂದಿನ ಗಾಲಿಯ ಮೇಲೇ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ (ವೀಲ್‌ಬೇಸ್) ಕಡಿಮೆ ಆದಷ್ಟೂ ಗಾಡಿ ಕುದುರೆಯ ಹಾಗೆ ಮುಂದೆ ಹಿಂದೆ ಜಗ್ಗುತ್ತೆ. ಮಾರುತಿ 800ರಲ್ಲಿ ಈ ಅಂತರ 2175 ಮಿಲಿಮೀಟರ್, ರೆನೋ ಡಸ್ಟರಿನಲ್ಲಿ 2673. ಅರ್ಧ ಮೀಟರಿನಷ್ಟು ವ್ಯತ್ಯಾಸ. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಆಲಿ ಎಂಬ ಎಂಜಿನಿಯರು ಈ ಜಗ್ಗಾಟಕ್ಕೆ ಒಂದು ಉಪಾಯ ತೋರಿಸಿದ. ಹಿಂದಿನ ಸ್ಪ್ರಿಂಗು ಮುಂದಿನದಕ್ಕಿಂತ ತುಸು ಚುರುಕಾಗಿದ್ರೆ, ತಗ್ಗು ದಾಟಿದ ಮೇಲೆ ಹಿಂಭಾಗ ಮುಂಭಾಗವನ್ನ ಹಿಡಿದು ಎರಡೂ ಒಟ್ಟಿಗೆ ಏಳುತ್ತವೆ, ಗಾಡಿ ಮಟ್ಟಸವಾಗಿರುತ್ತೆ. ಮುಂದೆಯೋ ಹಿಂದೆಯೋ ಒಂದು ಕಡೆ ಸ್ಪ್ರಿಂಗು, ಶಾಕ್ ಸವೆದ್ರೆ ಈ ಲೆಕ್ಕ ತಪ್ಪಿ ಹೋಗುತ್ತೆ. ಹಳೇ ಕಾರಿನಲ್ಲಿ ನಾವು ಹುಡುಕಬೇಕಾದ್ದು ಇದನ್ನೇ.

ಹಳ್ಳಿ ರಸ್ತೆಗೆ ಅಂತಲೇ ಕಾರು ಮಾಡಿದ ಜನ ಇದ್ರು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1930ರ ದಶಕದಲ್ಲಿ ರೈತರಿಗೊಂದು ಅಗ್ಗದ ಕಾರು ಮಾಡೋಕೆ ಹೊರಟಾಗ ಅಲ್ಲಿನ ಮುಖ್ಯಸ್ಥ ಪಿಯೆರ್ ಬುಲಾಂಜೆ ಹಾಕಿದ ಷರತ್ತು ಪ್ರಸಿದ್ಧ: 50 ಕಿಲೋ ಆಲೂಗಡ್ಡೆ ಹೇರಬೇಕು, ಒಂದು ಬುಟ್ಟಿ ಮೊಟ್ಟೆ ಇಟ್ಟುಕೊಂಡು ಉತ್ತ ಹೊಲ ದಾಟಿದ್ರೂ ಒಂದೂ ಒಡೆಯಬಾರದು. 1948ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಬಂದ ಆ ಕಾರು, 2ಸಿವಿ, 1990ರವರೆಗೂ ತಯಾರಾಯ್ತು. ನೋಡೋಕೆ ಡಬ್ಬಿ, ಎಂಜಿನ್ನು ಚಿಕ್ಕದು. ಆದ್ರೆ ಷರತ್ತು ಹಾಕಿದವನಿಗೆ ಕಾರು ಯಾರಿಗಾಗಿ ಅನ್ನೋದು ಗೊತ್ತಿತ್ತು. ನಮ್ಮಲ್ಲಿ ಅಂಬಾಸಿಡರ್ ಇತ್ತು. ಸೋಫಾದಂಥ ಸೀಟು, ದೊಡ್ಡ ಗಾಲಿ, ಮೆತ್ತನೆ ಸ್ಪ್ರಿಂಗು. ನಮ್ಮ ಹಿರಿಯರು ಇವತ್ತಿಗೂ "ಅಂಬಾಸಿಡರ್ ಕುಂತಂಗ ಯಾವುದೂ ಆಗೂದಿಲ್ಲ ಬಿಡ್ರಿ" ಅನ್ನೋದು ಬರೀ ಹಳೆ ನೆನಪಿನ ಮೋಹ ಅಲ್ಲ. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಂತ ಮೇಲೆ ಹಿಂದಿನ ಸೀಟಿನ ಮರ್ಯಾದೆಯೂ ಸ್ವಲ್ಪ ಕಡಿಮೆಯಾಯ್ತು ಅಂತ ನನಗನ್ನಿಸುತ್ತೆ.

ಈಗಿನ ಮೋಹ ಎತ್ತರದ ಗಾಡಿ. ಬೊಲೆರೋ ಬಂತು ಅಂದ್ರೆ ನಮ್ಮೂರಲ್ಲಿ ಎದ್ದು ನಿಲ್ತಾರೆ. ಹೊಲಕ್ಕೆ ಗೊಬ್ಬರ, ಮಾರ್ಕೆಟ್ಟಿಗೆ ಲಿಂಬೆ ಚೀಲ ಒಯ್ಯೋರಿಗೆ ಅದಕ್ಕಿಂತ ಒಳ್ಳೆ ಗಾಡಿ ಇಲ್ಲ, ಅದನ್ನ ಅಲ್ಲಗಳೆಯಲ್ಲ. ಆದ್ರೆ ಹಿಂದೆ ಪಟ್ಟಿ ಸ್ಪ್ರಿಂಗು ಇರೋ ಗಾಡಿ ಭಾರ ಹೊರೋಕೆ ಮಾಡಿದ್ದು. ಭಾರ ಇಲ್ಲದಾಗ ಪುಟಿಯುತ್ತೆ. ಎತ್ತರ ಹೆಚ್ಚಿದ್ರೆ ತಗ್ಗಿನಲ್ಲಿ ತಲೆ ಎಡಕ್ಕೆ ಬಲಕ್ಕೆ ತೂಗಾಡುತ್ತೆ. ನೆಲಕ್ಕೆ ತಾಗದೇ ಇರೋದು ಬೇರೆ, ಮೈಗೆ ತಾಗದೇ ಇರೋದು ಬೇರೆ. ಸೀರೆ ಉಟ್ಟ, ಮಂಡಿ ನೋವಿನ ಹೆಂಗಸರು ಅಷ್ಟು ಎತ್ತರ ಹತ್ತಬೇಕು ಅನ್ನೋದೂ ಇದೆ. ತೀರಾ ತಗ್ಗಿನ ಸೀಟಾದ್ರೆ ಏಳೋಕಾಗಲ್ಲ. ಸೀಟು ಅವರ ಸೊಂಟದ ಮಟ್ಟಕ್ಕಿದ್ರೆ ಕೂರೋದು, ತಿರುಗೋದು, ಇಳಿಯೋದು ಎಲ್ಲ ಸಲೀಸು. ಇದನ್ನ ಯಾವ ಜಾಹೀರಾತೂ ಹೇಳಲ್ಲ. ಅವರನ್ನೇ ಕೂರಿಸಿ ನೋಡಬೇಕು.

ಹಾಗಾದ್ರೆ ನೋಡೋದು ಹೇಗೆ? ನಾನು ಆರು ತಿಂಗಳು ಸೊಲ್ಲಾಪುರ, ವಿಜಯಪುರ, ಕಲಬುರಗಿ ಅಂತ ಸುತ್ತಿ ಸುಮಾರು ಹದಿನೈದು ಕಾರು ನೋಡಿದ್ದರಿಂದ ಕೆಲವು ಸಂಗತಿ ಹೇಳಬಲ್ಲೆ.

ಮೊದಲು ಟೈರು. ನೋಡೋಕೆ ಹೋದ ಕೂಡಲೇ ಟೈರಿನ ಪಕ್ಕ ಬಗ್ಗಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ನಮ್ಮ ಬಿಸಿಲಿಗೆ ಐದಾರು ವರ್ಷದ ಟೈರು ಹಲ್ಲು ಸವೆಯದೇ ಇದ್ರೂ ಕಲ್ಲಾಗಿರುತ್ತೆ. ಮಾರೋಕೆ ನಿಲ್ಲಿಸಿದ ಗಾಡಿಗೆ ಗಾಳಿ ಹೆಚ್ಚು ತುಂಬಿರ್ತಾರೆ, ಹಾಗೇ ಓಡಿಸಿದ್ರೆ ಒಳ್ಳೆ ಕಾರೂ ಎಗರಾಡುತ್ತೆ. ಡ್ರೈವರ್ ಬಾಗಿಲಿನ ಹತ್ತಿರ ಇರೋ ಚೀಟಿಯಲ್ಲಿ ಬರೆದಷ್ಟು ಗಾಳಿ ಮಾಡಿಸಿ ಆಮೇಲೆ ಓಡಿಸಿ.

ಟೈರಿನ ಅಳತೆಯನ್ನೂ ಓದಿ. ಒಂದೇ ಸ್ವಿಫ್ಟ್ ಕಾರಿನ ಕೆಳಗಿನ ಮಾಡೆಲ್ಲಿಗೆ 165/80 ಆರ್14, ಮೇಲಿನ ಮಾಡೆಲ್ಲಿಗೆ 185/65 ಆರ್15 ಟೈರು ಬರ್ತಿತ್ತು. ಮೊದಲ ಅಂಕಿಯನ್ನ ಎರಡನೆಯದರ ಶೇಕಡಾ ಲೆಕ್ಕದಲ್ಲಿ ಗುಣಿಸಿದ್ರೆ ರಿಮ್ಮಿನಿಂದ ನೆಲದವರೆಗಿನ ರಬ್ಬರಿನ ಎತ್ತರ ಸಿಗುತ್ತೆ. ಮೊದಲನೆಯದಕ್ಕೆ 132 ಮಿಲಿಮೀಟರ್, ಎರಡನೆಯದಕ್ಕೆ 120. ಹೆಚ್ಚು ದುಡ್ಡು ಕೊಟ್ಟವರಿಗೆ ಹೊಳೆಯೋ ಅಲಾಯ್ ಗಾಲಿ ಸಿಕ್ಕಿತು, ತಗ್ಗಿನಲ್ಲಿ ಏಟು ತಿನ್ನೋ ರಬ್ಬರು ಕಡಿಮೆ ಸಿಕ್ಕಿತು :-) ಹಳೇ ಕಾರಿಗೆ ಹಿಂದಿನ ಮಾಲೀಕರು ಷೋಕಿಗೆ ಅಂತ ಇನ್ನೂ ದೊಡ್ಡ ರಿಮ್ಮು ಹಾಕಿಸಿದ್ರೆ ಅದನ್ನ ಲಾಭ ಅಂತ ಎಣಿಸಬೇಡಿ.

ಎರಡನೆಯದು, ತುಂಬಿದ ಗಾಡಿ. ಡೀಲರುಗಳು ನಮ್ಮನ್ನ ಒಬ್ಬರನ್ನೇ ಕೂರಿಸಿಕೊಂಡು ನುಣ್ಣನೆ ರಸ್ತೆಯಲ್ಲಿ ಒಂದು ಸುತ್ತು ಹಾಕಿಸ್ತಾರೆ. ಹಿಂದಿನ ಸ್ಪ್ರಿಂಗು ಐದು ಜನರ ಭಾರ, ಮೇಲೆ ಸಾಮಾನಿನ ಭಾರ ಹೊರೋಕೆ ಮಾಡಿದ್ದು. ಖಾಲಿಯಿದ್ದಾಗ ಒಂದು ಥರ, ತುಂಬಿದಾಗ ಇನ್ನೊಂದು ಥರ. ಮನೆಮಂದಿ ಎಲ್ಲ ಕೂತು ಓಡಿಸಿ. ನೀವು ಹಿಂದೆ ಕೂತು ಬೇರೆಯವರಿಗೆ ಓಡಿಸೋಕೆ ಹೇಳಿ. ಒಂದು ದೊಡ್ಡ ಊರಿನ ಡೀಲರೊಬ್ಬ ನನಗೆ "ಸರ್, ಕಾರ್ ತಗೊಳ್ಳೋರು ಹಿಂದ್ಯಾಕ ಕೂಡ್ತೀರಿ?" ಅಂತ ನಕ್ಕ. ಕೆಟ್ಟ ರಸ್ತೆಗೆ ಒಯ್ಯೋಕೂ ಬಿಡಲಿಲ್ಲ. ಅಲ್ಲಿಂದ ನಮಸ್ಕಾರ ಹೇಳಿ ಬಂದೆ. ಕೆಟ್ಟ ರಸ್ತೆಗೆ ಬಿಡದ ಗಾಡಿ ಕೆಟ್ಟ ರಸ್ತೆಯ ಊರಿನವರಿಗೆ ಬೇಡ.

ಮೂರನೆಯದು, ಕಿವಿ. ಎಸಿ, ರೇಡಿಯೋ ಎರಡೂ ಬಂದ್ ಮಾಡಿ, ಕಿಟಕಿ ಇಳಿಸಿ, ತಗ್ಗಿನ ರಸ್ತೆಯಲ್ಲಿ ನಿಧಾನ ಹೋಗಿ. ಕಟ್ ಕಟ್ ಸದ್ದು ಬಂದ್ರೆ ಬುಷ್ಷು, ಲಿಂಕ್ ರಾಡು, ಸ್ಟ್ರಟ್ ಮೌಂಟು ಇವುಗಳಲ್ಲಿ ಯಾವುದೋ ಹೋಗಿದೆ. ಶಾಕ್ ಮೇಲೆ ಎಣ್ಣೆ ಸೋರಿದ ಕಲೆ ಇದ್ರೆ ಅದರ ಆಯುಷ್ಯ ಮುಗಿದಿದೆ. ನಿಂತಲ್ಲೇ ಸೀಟು, ಸ್ಟೀರಿಂಗು ನಡುಗಿದ್ರೆ ಎಂಜಿನ್ ಮೌಂಟಿಂಗ್ ನೋಡಿಸಿ. ಸಮಾಧಾನದ ವಿಷಯ ಏನಂದ್ರೆ ಇವೆಲ್ಲ ಬಹುಮಟ್ಟಿಗೆ ರಬ್ಬರಿನ ಸಾಮಾನು, ಬದಲಾಯಿಸಬಹುದು. ಗಾಡಿಯ ಮೂಲ ಗುಣ ಬದಲಾಯಿಸೋಕಾಗಲ್ಲ. ಸಣ್ಣ ವೀಲ್‌ಬೇಸು, ಗಟ್ಟಿ ಸೀಟು, ಕಾಲಿಡೋಕೆ ಜಾಗ ಇಲ್ಲದ್ದು, ಇವನ್ನ ಯಾವ ಮಿಸ್ತ್ರಿಯೂ ರಿಪೇರಿ ಮಾಡಲಾರ. ಹಾಗಾಗಿ ಮೂಲ ಗುಣ ಒಳ್ಳೆಯದಿದ್ದು ರಬ್ಬರು ಸವೆದ ಗಾಡಿಯನ್ನ ಆರಿಸಿ. ಮೂಲ ಗುಣ ಕೆಟ್ಟದ್ದಿದ್ದು ಪಾಲಿಶ್ ಹೊಡೆದದ್ದನ್ನ ಬಿಡಿ. ಕಾರಿನ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲು ಟೈರು, ಶಾಕು, ಬುಷ್ಷಿಗೆ ಅಂತ ಮೊದಲೇ ತೆಗೆದಿಡಿ ಅನ್ನೋದು ನನ್ನ ಸಲಹೆ.

ನಾಲ್ಕನೆಯದು, ಎಸಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತೆ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿ ಎಷ್ಟು ಹೊತ್ತಿಗೆ ತಂಪಾಗುತ್ತೆ ಅಂತ ಹಿಂದೆ ಕೂತು ನೋಡಿ. ಬೆಳಿಗ್ಗೆ ಎಂಟಕ್ಕೆ ನೋಡಿದ್ರೆ ಎಲ್ಲಾ ಎಸಿಯೂ ಚೆನ್ನಾಗಿರುತ್ತೆ!

ಇನ್ನು ಗಡಿಯ ವಿಷಯ. ನಮಗೆ ಸೊಲ್ಲಾಪುರ ಹತ್ತಿರ, ಅಲ್ಲಿನ ಎಂಎಚ್ 13 ಗಾಡಿ ಕಡಿಮೆ ರೇಟಿಗೆ ಸಿಕ್ಕಿತು ಅಂತ ಖುಷಿ ಪಡೋರು ಬಹಳ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡ್ರೆ ಇಲ್ಲಿನ ನಂಬರು, ಅಂದ್ರೆ ನಮಗೆ ಕೆಎ 28, ತಗೊಳ್ಳಬೇಕು. ಎನ್‌ಓಸಿ ತರಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ಬೆಲೆ ನೋಡಿಕೊಂಡು ಶೇ 13ರಿಂದ 18ರವರೆಗೆ ಇರೋ ತೆರಿಗೆ ಇದು. ಹಳೇ ಗಾಡಿಗೆ ವಯಸ್ಸಿನ ಪ್ರಕಾರ ಕಡಿಮೆಯಾಗುತ್ತೆ ನಿಜ, ಆದ್ರೂ ಉಳಿಸಿದ ದುಡ್ಡಿನ ದೊಡ್ಡ ಭಾಗ ನುಂಗುತ್ತೆ. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ಹಿಂದಿನ ಹೊಸ ಕಾರಿನ ಬೆಲೆ ತೋರಿಸಿ ಹಳೇದಕ್ಕೆ ರೇಟು ಹೇಳೋರಿದ್ರೆ ಇದನ್ನ ನೆನಪಿಸಿ. ಉಳಿದ ದುಡ್ಡು ಶಾಕಿಗೆ ಆಯ್ತು.

ಕೊನೆಗೆ ನಾನು ತಗೊಂಡದ್ದು 2016ರ ಟೊಯೊಟಾ ಎಟಿಯೋಸ್, ಕೆಎ 28ರದ್ದೇ. ಅದರ ಮೊದಲು ಡಸ್ಟರ್ ಮೇಲೆ ಕಣ್ಣಿತ್ತು. 2012ರಿಂದ 2022ರವರೆಗೆ ಇಲ್ಲಿ ಮಾರಿದ ಆ ಮೊದಲ ಡಸ್ಟರ್ ನಮ್ಮಂಥ ರಸ್ತೆಯಲ್ಲಿ ತೇಲಿದ ಹಾಗೆ ಹೋಗುತ್ತೆ, ನನ್ನ ಬಜೆಟ್ಟಿನಲ್ಲಿ ಸಿಕ್ಕವೆಲ್ಲ ವಿಪರೀತ ಓಡಿದವು ಅಷ್ಟೇ. ಎಟಿಯೋಸ್ ನೋಡಿ ಗೆಳೆಯರು ನಕ್ಕರು. "ಟ್ಯಾಕ್ಸಿ ಗಾಡಿ ತಂದಿಯಲ್ಲೋ ಮಾರಾಯ!" ಮೀಟರು ಡ್ಯಾಶ್‌ಬೋರ್ಡಿನ ನಡುವೆ ಇದೆ, ಒಳಗೆ ಅಂಥಾ ಚೆಲುವೇನೂ ಇಲ್ಲ, ಕಂಪನಿ 2020ರಲ್ಲಿ ಮಾರೋದನ್ನೂ ನಿಲ್ಲಿಸಿದೆ. ಆದ್ರೆ ಹಿಂದೆ ಕಾಲು ಚಾಚಬಹುದು, ನೆಲ ಹೆಚ್ಚು ಕಡಿಮೆ ಸಪಾಟು, ಸಾಮಾನು ಇಲ್ಲೇ ಸಿಗುತ್ತೆ. ಕೊಳ್ಳೋಕೆ ಮುಂಚೆ ಅವ್ವನನ್ನ ಹಿಂದೆ ಕೂರಿಸಿ ಇಂಡಿಗೆ ಹೋಗಿ ಬಂದೆ. ನಾಲ್ಕು ಟೈರು, ಹಿಂದಿನ ಎರಡು ಶಾಕು ಬದಲಾಯಿಸಬೇಕಾಯ್ತು, ಅದನ್ನ ಬೆಲೆಯಲ್ಲೇ ಇಳಿಸಿಕೊಂಡೆ.

ಓಡಿಸೋನಿಗೆ ಮಜಾ ಬೇಡವಾ ಅಂತ ಕೇಳಬಹುದು. ಬೇಕು, ಖಂಡಿತ ಬೇಕು. ಹಗುರ ಕ್ಲಚ್ಚು, ನೇರ ಹೋಗೋ ಸ್ಟೀರಿಂಗು, ಬೇಕಾದಾಗ ಎಳೆಯೋ ಎಂಜಿನ್ನು ಇಲ್ಲದಿದ್ರೆ ನಾವೂ ಬೇಸತ್ತು ಗಾಡಿ ಮೂಲೆಗೆ ನಿಲ್ಲಿಸ್ತೀವಿ. ಆದ್ರೆ ಆ ಮಜಾ ವರ್ಷಗಟ್ಟಲೆ ಉಳಿಯೋದು ಹಿಂದಿನಿಂದ "ಅಯ್ಯಯ್ಯೋ" ಕೇಳದೇ ಇದ್ದಾಗ. ಇದರಲ್ಲಿ ಗಾಡಿಯ ಪಾಲು ಎಷ್ಟೋ ಓಡಿಸೋನ ಪಾಲೂ ಅಷ್ಟೇ. ಹಂಪ್ಸಿನ ಮೇಲೆ ಬ್ರೇಕು ತುಳಿದ್ರೆ ಮುಂದಿನ ಸ್ಪ್ರಿಂಗು ಆಗಲೇ ಕುಗ್ಗಿರುತ್ತೆ, ಏಟು ಜೋರಾಗುತ್ತೆ. ಮುಂಚೆಯೇ ನಿಧಾನ ಮಾಡಿ, ಬ್ರೇಕು ಬಿಟ್ಟು ದಾಟಿಸಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆವರೇಜಿನಲ್ಲಿ ಲೀಟರಿಗೆ ಎರಡು ಕಿಲೋಮೀಟರ್ ಕಡಿಮೆ ಬಂದ್ರೆ ಆ ನಷ್ಟವನ್ನ ಕೂಡಿ ಕಳೆದು ಹೇಳಬಹುದು. ತಪ್ಪಿಹೋದ ತಪಾಸಣೆಯ ನಷ್ಟವನ್ನ ಯಾವ ಲೆಕ್ಕದಲ್ಲಿ ಹಿಡಿಯೋದು? ತವರಿಗೆ ಹೋಗೋಕೆ ಮನಸ್ಸಿದ್ರೂ "ಆ ರಸ್ತ್ಯಾಗ ಯಾರು ಕುಲುಕಿಸಿಕೊಂಡು ಹೋಗ್ತಾರ" ಅಂತ ಮನೆಯಲ್ಲೇ ಉಳಿದ ಅಜ್ಜಿಯರದ್ದು? ನಮ್ಮ ಎಷ್ಟೋ ಮನೆಗಳಲ್ಲಿ ಕಾರು ಬಂದ ಮೇಲೆ ಗಂಡಸರ ಓಡಾಟ ಹೆಚ್ಚಿದೆ, ಹಿಂದಿನ ಸೀಟಿನವರದ್ದು ಇದ್ದಲ್ಲೇ ಇದೆ. ಕಾರು ಆರಿಸೋ ದಿನ ಅವರ ಮಾತಿಗೆ ಒಂದು ವೋಟು ಕೊಟ್ಟು ನೋಡಿ. ನನ್ನ ಕೇಳಿದ್ರೆ ಎರಡು ಕೊಡಿ.

ಮಲೆನಾಡಿನ ತಿರುವಿನ ರಸ್ತೆಯವರು, ಬೆಂಗಳೂರಿನ ಫ್ಲೈಓವರಿನವರು, ಕರಾವಳಿಯ ಮಳೆಯವರು, ನಿಮ್ಮ ಕಡೆ ಲೆಕ್ಕ ಬೇರೆ ಇರಬಹುದು. ನಿಮ್ಮ ಮನೆಯಲ್ಲಿ ಹಿಂದಿನ ಸೀಟಿನವರು ಯಾವ ಹಳೇ ಕಾರನ್ನ ಮೆಚ್ಚಿದ್ದಾರೆ? ಅವರನ್ನೇ ಕೇಳಿ ಒಂದೆರಡು ಸಾಲು ಬರೀರಿ. ಓಡಿಸೋರ ಅಭಿಪ್ರಾಯ ನಮಗೆ ಈಗಾಗಲೇ ಸಾಕಷ್ಟು ಗೊತ್ತಿದೆ :-)